ಚೆನ್ನಾಗಿ ಕೇಳಿಸುವ ವಿಳಾಸ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರಾದರೂ "ತಾವು ಇರೋದು ಎಲ್ಲಿ?" ಎಂದು ಕೇಳಿದರೆ "ಅಣ್ಣಾ ನಗರ್" ಎಂದು ಹೇಳಿ ಅರೆಗಳಿಗೆ ಸುಮ್ಮನಾಗುತ್ತೇನೆ. ಕೇಳಿದವರ ಹುಬ್ಬು ಸ್ವಲ್ಪ ಮೇಲೇರಿತೋ ಇಲ್ಲವೋ ನೋಡಿಕೊಳ್ಳಬೇಕು. ಕಾಫಿ ಮುಗಿದ ಮೇಲೆ ಲೋಟದ ತಳದಲ್ಲಿ ಉಳಿದ ಸಕ್ಕರೆ ಸಿಕ್ಕಂಥ ಸುಖ ಅದು. ಮದುವೆಯ ಪಂಕ್ತಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಎಲ್ಲ ಕಡೆ ಈ ಸುಖ ಪಟ್ಟಿದ್ದೇನೆ. ಈಚೆಗೆ ಕಣ್ಣಿನ ಆಸ್ಪತ್ರೆಯಲ್ಲಿ ಹನಿ ಹಾಕಿಸಿಕೊಂಡು ಎದುರಿನ ಗೋಡೆಯೇ ಕಾಣದೆ ಕುಳಿತಿದ್ದಾಗಲೂ ಪಕ್ಕದವರಿಗೆ "ಅಣ್ಣಾ ನಗರ್" ಎಂದು ಹೇಳಿ, ಆ ಮಂಜಿನೊಳಗೇ ಅವರ ಹುಬ್ಬು ಹುಡುಕಿದೆ.

ಈಗ ಆ ಸುಖಕ್ಕೆ ಕುತ್ತು ಬಂದಿದೆ. ನಮ್ಮ ಬ್ಲಾಕಿಗೆ ನನ್ನ ಹಾಗೆಯೇ ವಯಸ್ಸಾಯಿತು. ಛಾವಣಿಯ ಗಾರೆ ಉದುರಿ ಒಳಗಿನ ಕಬ್ಬಿಣ ಹಲ್ಲು ಕಿರಿಯುತ್ತದೆ. ಬ್ಲಾಕಿನ ಮನೆಗಳವರೆಲ್ಲ ಸೇರಿ, ಒಡೆದು ಹೊಸದಾಗಿ ಕಟ್ಟಿಸುವುದೆಂದು ತೀರ್ಮಾನಿಸಿದರು. ಕಟ್ಟಿ ಮುಗಿಯುವ ತನಕ ಎಲ್ಲರೂ ಬೇರೆ ಕಡೆ ಬಾಡಿಗೆಗೆ ಇರಬೇಕು. "ಎರಡೇ ವರ್ಷ ಸಾರ್, ಮೂರು ಅಂತಲೇ ಇಟ್ಟುಕೊಳ್ಳಿ" ಎಂದ ಬಿಲ್ಡರ್ ಹುಡುಗ, ಎರಡು ದಿನ ಎಂಬಂತೆ. ನಮ್ಮ ವಯಸ್ಸಿನಲ್ಲಿ ಮೂರು ವರ್ಷಕ್ಕೆಂದು ಹಿಡಿಯುವ ಮನೆಯೇ ಕೊನೆಯ ಮನೆಯಾಗಬಹುದು ಎಂಬುದು ಅವನ ಲೆಕ್ಕದಲ್ಲಿ ಇರಲಿಲ್ಲ. ನನ್ನ ಹೆಂಡತಿ ಕುಮುದಳ ಲೆಕ್ಕದಲ್ಲಿ ಇತ್ತು.

"ಈ ಸಲ ಮನಿ ನಾ ನೋಡ್ತೀನಿ," ಎಂದಳು ಹುರುಳಿಕಾಯಿ ನಾರು ತೆಗೆಯುತ್ತ.

"ನೋಡು. ನಾನೂ ಜೊತೆಗೆ ಬರ್ತೀನಿ."

"ಬರ್ರಿ. ಛತ್ರಿ ಹಿಡಕೊಂಡು ಬರ್ರಿ. ಬಾಯಿ ಮನ್ಯಾಗ ಇಟ್ಟು ಬರ್ರಿ."

ಕುಮುದ ಹುಬ್ಬಳ್ಳಿ ಕಡೆಯವಳು. ನಮ್ಮ ಮನೆತನ ಕೋಲಾರದ ಕಡೆಯಿಂದ ಮದ್ರಾಸಿಗೆ ಬಂದು ಮೂರು ತಲೆಮಾರಾಯಿತು. ನನ್ನ ಕನ್ನಡ ಮೆತ್ತಗಾಗಿ ಅರ್ಧ ತಮಿಳಿನಲ್ಲಿ ಕರಗಿಹೋಗಿದೆ. ಅವಳ ಕನ್ನಡಕ್ಕೆ ಇಷ್ಟು ವರ್ಷದಲ್ಲಿ ಒಂದು ಗೀರು ಬಿದ್ದಿಲ್ಲ. ತಮಿಳು ಬೇಕಾದಾಗ ತರಕಾರಿಯವರೇ ಬೆಚ್ಚುವಂಥ ತಮಿಳನ್ನು ಬೇರೆ ಡಬ್ಬಿಯಿಂದ ತೆಗೆದು ಬಳಸುತ್ತಾಳೆ, ಎರಡನ್ನೂ ಬೆರೆಸುವುದಿಲ್ಲ.

ಅವಳು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮ ಸಂಸಾರದಲ್ಲಿ ಮೂರು ಮನೆಗಳಾದವು. ಮೂರನ್ನೂ ಆರಿಸಿದವನು ನಾನು. ಹೇಗೆ ಆರಿಸಿದೆ ಎಂದು ಒಪ್ಪಿಕೊಳ್ಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು ತಿರುವೊಟ್ಟಿಯೂರು. ಅದನ್ನು ಆರಿಸಿದೆ ಎನ್ನುವುದೂ ಜಂಬವೇ. ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ, ಎಸ್ಸೆಸ್ಸೆಲ್ಸಿ ಪಾಸು, ಆಫೀಸಿಗೆ ಹತ್ತಿರವೆಂದು ಅಲ್ಲಿ ಮನೆ ಹಿಡಿದೆ. ಹೆಂಚಿನ ಮನೆ, ಮುಂದೆ ಜಗುಲಿ, ಹಿಂದೆ ಬಾವಿ. ಸಮುದ್ರ ಅಷ್ಟು ಹತ್ತಿರವಿದ್ದೂ ಬಾವಿಯ ನೀರು ಸಿಹಿ. ಮದುವೆಯಾಗಿ ಬಂದ ಮೊದಲ ಬೆಳಿಗ್ಗೆ ಕುಮುದ ಕಿವಿಗೊಟ್ಟು ಕೇಳಿ, "ಇಲ್ಲಿ ಗಿರಣಿ ಇಷ್ಟ ಲಗೂ ಶುರು ಆಗ್ತದೇನ್ರಿ?" ಎಂದಳು. ಅದು ಗಿರಣಿಯಲ್ಲ, ಸಮುದ್ರ. ಅವಳು ಅಲ್ಲಿಯವರೆಗೆ ಸಮುದ್ರ ಕಂಡವಳಲ್ಲ. ಕರೆದುಕೊಂಡು ಹೋಗಿ ತೋರಿಸಿದೆ. ಬಹಳ ಹೊತ್ತು ನೋಡಿ, "ಯಾರೂ ನಿಲ್ಲಸಂಗಿಲ್ಲೇನ ಇದನ್ನ?" ಎಂದು ಕೇಳಿದಳು.

ತಿರುವೊಟ್ಟಿಯೂರಿನ ಗಾಳಿಗೆ ಟ್ರಂಕಿನ ಬೀಗ ತುಕ್ಕು ಹಿಡಿಯುತ್ತಿತ್ತು. ಕರಿದ ಹಪ್ಪಳ ತಟ್ಟೆಯಿಂದ ಬಾಯಿಗೆ ಹೋಗುವಷ್ಟರಲ್ಲಿ ಮೆತ್ತಗಾಗುತ್ತಿತ್ತು. ಕಾರ್ಖಾನೆಯ ಸೈರನ್ ಕೂಗಿದರೆ ಹೆಂಗಸರು ಹಾಲು ಒಲೆಗಿಡುತ್ತಿದ್ದರು. ಗಾಳಿ ಒಂದು ಕಡೆಯಿಂದ ಬಂದರೆ ಒಣಮೀನಿನ ವಾಸನೆ, ಇನ್ನೊಂದು ಕಡೆಯಿಂದ ಬಂದರೆ ಕಾರ್ಖಾನೆಯ ಹೊಗೆ. ಆದರೆ ಮಧ್ಯಾಹ್ನ, ಊರೆಲ್ಲ ಬೆವರಿ ಬೇಯುತ್ತಿರುವಾಗ, ಕಡಲ ಗಾಳಿ ನಮ್ಮ ಜಗುಲಿಗೆ ಮೊದಲು ಬರುತ್ತಿತ್ತು. ಅಲ್ಲಿಗೆ ಬಂದು ಹೋದ ಮೇಲೇ ಪಟ್ಟಣದ ದೊಡ್ಡ ಮನುಷ್ಯರಿಗೆ.

ಬೀದಿಯ ಕೊನೆಯಲ್ಲಿ ಅಂಜಲೈ ಎಂಬ ಮೀನುಗಾರರ ಹೆಂಗಸಿದ್ದಳು. ಬುಟ್ಟಿ ಹೊತ್ತು ಊರೆಲ್ಲ ಸುತ್ತುವವಳು. ಆದರೆ ನಮ್ಮ ಮನೆಯ ಮುಂದೆ ಬುಟ್ಟಿ ತರುತ್ತಿರಲಿಲ್ಲ. ಮೂಲೆಯಲ್ಲೇ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಜಗುಲಿಯ ಅಂಚಿನಲ್ಲಿ ಕೂರುತ್ತಿದ್ದಳು. ಹೀಗೆ ಮಾಡೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಕುಮುದಳಿಗೆ ತಮಿಳು ಕಲಿಸಿದವಳು ಅವಳೇ. ಆ ತರಕಾರಿಯವರು ಬೆಚ್ಚುವ ತಮಿಳಿನ ಮೂಲ ಅಲ್ಲಿದೆ.

ಶನಿವಾರ ಸಂಜೆ ಅದೇ ಜಗುಲಿಯಲ್ಲಿ ಕನ್ನಡದ ಹೆಂಗಸರ ಭಜನೆ ಸೇರುತ್ತಿತ್ತು. ಬ್ಯಾಂಕಿನವರ ಮನೆಯಾಕೆ ಕುಂದಾಪುರದವರು, ಕಾರ್ಖಾನೆ ಮೇಸ್ತ್ರಿಯ ಮನೆಯಾಕೆ ಬಳ್ಳಾರಿಯವರು, ವಿಮೆ ಆಫೀಸಿನವರು ಮೈಸೂರಿನ ಕಡೆಯವರು. ಒಬ್ಬರ ಕನ್ನಡಕ್ಕೆ ಇನ್ನೊಬ್ಬರು ನಗುವುದರಲ್ಲೇ ಅರ್ಧ ಭಜನೆ ಮುಗಿಯುತ್ತಿತ್ತು. "ಹೋದ್ ವಾರ ಎಂತಕ್ ಬರ್ಲಿಲ್ಯೆ?" ಎಂದು ಕುಂದಾಪುರದವರು ಬಳ್ಳಾರಿಯವರನ್ನು ಕೇಳಿದರೆ, "ಅದ್ಯಾವ ಭಾಷಾ ಮಾತಾಡ್ತೀರಿ ಅಕ್ಕಾ, ಅಂಜಲೈ ತಮಿಳ ತಿಳೀತದ ನನಗ, ನಿಮ್ಮದು ತಿಳಿಯಂಗಿಲ್ಲ," ಎನ್ನುತ್ತಿದ್ದಳು ಕುಮುದ. ಆಗ ಅವಳು ಜೋರಾಗಿ ನಗುತ್ತಿದ್ದಳು. ಒಳಗಿದ್ದ ನನಗೆ, ಬೀದಿಯವರಿಗೆಲ್ಲ ಕೇಳಿಸುತ್ತದಲ್ಲ ಎಂದು ಸಂಕೋಚವಾಗುತ್ತಿತ್ತು.

ಆ ಮನೆ ಬಿಟ್ಟದ್ದು ಒಂದು ಹುಬ್ಬಿನ ದೆಸೆಯಿಂದ. ನಮ್ಮ ಆಫೀಸಿಗೆ ಹೊಸದಾಗಿ ಬಂದ ಹೆಡ್ ಕ್ಲಾರ್ಕ್ ನನ್ನ ವಿಳಾಸ ಕೇಳಿ, "ತಿರುವೊಟ್ಟಿಯೂರಾ? ವೈಷ್ಣವರು ನೀವು, ಆ ಮೀನಿನ ನಾತ ಹೇಗಯ್ಯಾ ತಡ್ಕೊಳ್ತೀರಿ?" ಎಂದರು. ಅವರ ಹುಬ್ಬು ಕೆಳಗಿಳಿದದ್ದನ್ನು ನೋಡಿದೆ. ಅದುವರೆಗೆ ನನ್ನ ಮೂಗಿಗೆ ತೊಂದರೆ ಇರಲಿಲ್ಲ. ಅವತ್ತು ಸಂಜೆ ಮನೆಗೆ ಬಂದರೆ ಇಡೀ ಬೀದಿ ನಾರಿತು.

ಹೀಗೆ ನುಂಗಂಬಾಕ್ಕಮ್ಮಿಗೆ ಹೋದೆವು. ಆಗಿನ ನುಂಗಂಬಾಕ್ಕಮ್ಮೆಂದರೆ ಎರಡೂ ಬದಿ ಕೂಡಿಕೊಂಡ ಮರಗಳು, ಎತ್ತರದ ಕಾಂಪೌಂಡು, ಒಳಗೆಲ್ಲೋ ಬಂಗಲೆ, ನಾಯಿ. ನಮ್ಮದು ಅಂಥ ಒಂದು ಬಂಗಲೆಯ ವಿಳಾಸ. ಮನೆ ಮಾತ್ರ ಬಂಗಲೆಯ ಹಿಂದಿದ್ದ ಕಾರ್ ಶೆಡ್. ಬಾಗಿಲು ತೆಗೆದು ಗೋಡೆ ಎತ್ತಿ ಅದನ್ನು ಮನೆ ಮಾಡಿದ್ದರು. ನೆಲದ ನಡುವೆ ಎಂಜಿನ್ ಎಣ್ಣೆಯ ದೊಡ್ಡ ಕಲೆ. ಕುಮುದ ಸೀಗೆಪುಡಿ ಹಾಕಿ ತಿಕ್ಕಿದಳು, ಸೋಪು ಹಾಕಿ ತಿಕ್ಕಿದಳು, ಕೊನೆಗೆ ಅದರ ಸುತ್ತಲೇ ರಂಗೋಲಿ ಬಿಟ್ಟು ಅದನ್ನೂ ಚಿತ್ರದೊಳಗೆ ಸೇರಿಸಿಕೊಂಡಳು. ಗಾಳಿ ಬರಲು ಜಾಗವಿರಲಿಲ್ಲ. ಹಾಡಲು ಜನವಿರಲಿಲ್ಲ. ಜೋರಾಗಿ ನಕ್ಕರೆ ಬಂಗಲೆಯ ನಾಯಿ ಬೊಗಳುತ್ತಿತ್ತು. ನಾನು ಮಾತ್ರ ಕೇಳಿದವರಿಗೆಲ್ಲ "ನುಂಗಂಬಾಕ್ಕಂ" ಎಂದು ಹೇಳಿ ಅರೆಗಳಿಗೆ ಸುಮ್ಮನಾಗಲು ಕಲಿತೆ.

ಪರಿಚಯದವರು ಬಂದರೆ ಗೇಟಿನಲ್ಲೇ ಹಿಡಿದು ನಿಲ್ಲಿಸಿ, ಬೆನ್ನ ಹಿಂದೆ ಬಂಗಲೆ ಕಾಣುವಂತೆ ನಿಂತು ಮಾತಾಡಿ ಕಳಿಸುತ್ತಿದ್ದೆ. ಒಂದು ಭಾನುವಾರ ಅದೇ ಹೆಡ್ ಕ್ಲಾರ್ಕ್ ಮಗಳ ಮದುವೆಗೆ ಕರೆಯಲು ಹೇಳದೆ ಬಂದುಬಿಟ್ಟರು. ನೇರವಾಗಿ ಬಂಗಲೆಯ ಪೋರ್ಟಿಕೋ ಹತ್ತಿ ಬೆತ್ತದ ಕುರ್ಚಿಯಲ್ಲಿ ಕುಳಿತು, "ರಾಯರನ್ನ ಕರೀರಿ" ಎಂದರಂತೆ. ಒಳಗಿಂದ ಬಂದ ಮನೆಯ ಯಜಮಾನರು ಅವರ ಕೈಲಿದ್ದ ಅರಿಸಿನ ಕುಂಕುಮದ ತಟ್ಟೆ ನೋಡಿ, "ರಾವಾ? ಅವರ್ ಪಿನ್ನಾಡಿ ಇರುಕ್ಕಾರ್" ಎಂದು ಹಿಂದುಗಡೆಯ ಶೆಡ್ಡಿನತ್ತ ಬೆರಳು ತೋರಿಸಿದರು. ಪಿನ್ನಾಡಿ ಎಂದರೆ ಹಿಂದುಗಡೆ. ಮಾರನೆಯ ದಿನದಿಂದ ರಿಟೈರ್ ಆಗುವ ತನಕ ಆಫೀಸಿನಲ್ಲಿ ನನ್ನ ಹೆಸರು ಪಿನ್ನಾಡಿ ರಾವ್.

ಆ ಹೆಸರಿನಿಂದ ತಪ್ಪಿಸಿಕೊಳ್ಳಲು ಅಣ್ಣಾ ನಗರಕ್ಕೆ ಹಾರಿದೆ. ಹೌಸಿಂಗ್ ಬೋರ್ಡಿನವರು ಚೀಟಿ ಎತ್ತಿ ಫ್ಲ್ಯಾಟುಗಳನ್ನು ಹಂಚುತ್ತಿದ್ದರು, ನಮಗೊಂದು ಬಂತು. ಆಗ ಅಲ್ಲಿ ಅಗಲವಾದ ರಸ್ತೆಗಳಿದ್ದವು, ಅವುಗಳ ಮೇಲೆ ಹೋಗಲು ಯಾರೂ ಇರಲಿಲ್ಲ. ಜಾಲಿ ಮುಳ್ಳು, ಹಾವು, ಬಯಲು. ಬಸ್ಸು ಬಂದಾಗ ಬಂತು. "ಇದು ಪ್ಲ್ಯಾನ್ ಮಾಡಿ ಕಟ್ಟಿದ ಊರು ಕಣೆ, ನೋಡ್ತಿರು" ಎಂದು ಹೇಳಿ ನಾನು ಆಫೀಸಿಗೆ ಹೋಗುತ್ತಿದ್ದೆ. ಅವಳು ಅಷ್ಟರಲ್ಲಿ ಹುಟ್ಟಿದ್ದ ಕೂಸನ್ನು ಎತ್ತಿಕೊಂಡು ಬಯಲನ್ನು ನೋಡುತ್ತಿದ್ದಳು. ಆಮೇಲೆ ಅಂಗಡಿಗಳು ಬಂದವು, ಶಾಲೆಗಳು ಬಂದವು, ಬಟ್ಟೆ ಮಳಿಗೆ, ಐಸ್‌ಕ್ರೀಮ್, ನಾಯಿಗೆ ಕ್ಷೌರ ಮಾಡುವ ಅಂಗಡಿ, ಕೊನೆಗೆ ನೆಲದೊಳಗೆ ಮೆಟ್ರೋ. ಅದೆಲ್ಲವನ್ನೂ ನಾನು ನನ್ನ ದೂರದೃಷ್ಟಿಗೆ ಸೇರಿಸಿಕೊಂಡೆ. "ದೂರದೃಷ್ಟಿ ಅಲ್ಲ, ಚೀಟಿ" ಎಂದು ಕುಮುದ ತಿದ್ದುತ್ತಾಳೆ.

ಇನ್ನು ಈ ಸಲದ ಮನೆ. ನಮ್ಮ ಮೊಮ್ಮಗಳು ಮೇಘನಾ ಭಾನುವಾರ ಬಂದು ಫೋನಿನಲ್ಲಿ ಮನೆಗಳನ್ನು ತೋರಿಸಿದಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ನಾನು ಕನ್ನಡಕ ಸರಿಮಾಡಿಕೊಂಡು, "ಇದು ಚೆನ್ನಾಗಿದೆ, ಇದು ಬೇಡ, ಇದು..." ಎನ್ನುತ್ತಿದ್ದ ಹಾಗೆ ಫೋನನ್ನು ನನ್ನ ಕೈಯಿಂದ ಮೆಲ್ಲನೆ ಕಿತ್ತುಕೊಂಡು, "ಪಾಟಿಯೆ ಕೇಳು ತಾತಾ" ಎಂದಳು. ಅಜ್ಜಿಯನ್ನು ಕೇಳು ಎಂದು. ಈ ಮಾತನ್ನು ನನಗೆ ಇಷ್ಟು ವರ್ಷದಲ್ಲಿ ಯಾರೂ ಹೇಳಿರಲಿಲ್ಲವೇ ಎಂದು ಯೋಚಿಸಿದೆ. ಹೇಳಬೇಕಾದವರು ಯಾರಿದ್ದರು?

ಸೆಲ್ವಂ ಎಂಬ ಬ್ರೋಕರ್ ನಮ್ಮನ್ನು ಸುತ್ತಾಡಿಸಿದ. ಮನೆ ನೋಡುವುದರಲ್ಲಿ ಕುಮುದಳಿಗೆ ಅವಳದೇ ಕ್ರಮವಿದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ನಾನಾದರೆ ಹಾಲ್ ಎಷ್ಟು ದೊಡ್ಡದು, ಬೀದಿ ಎಷ್ಟು ಅಗಲ ಎಂದು ನೋಡುವವನು. ಅವಳು ಮನೆಯನ್ನು ಒಂದು ಸುತ್ತು ನೋಡಿ, ಹೊರಗೆ ಬಂದು, ಪಕ್ಕದ ಮನೆಯ ಬಾಗಿಲು ತಟ್ಟಿ ಕುಡಿಯಲು ನೀರು ಕೇಳುತ್ತಾಳೆ. ಅಷ್ಟೇ ಪರೀಕ್ಷೆ. ಅಣ್ಣಾ ನಗರದಲ್ಲೇ ನೋಡಿದ ಮೊದಲ ಮನೆಯಲ್ಲಿ ಪಕ್ಕದ ಬಾಗಿಲು ತೆರೆಯಲಿಲ್ಲ. ಕರೆಗಂಟೆಯ ಡಬ್ಬಿಯೊಳಗಿಂದ ಒಂದು ದನಿ ಬಂದು, ಕಾವಲುಗಾರನ ಹತ್ತಿರ ನೀರಿನ ಕ್ಯಾನ್ ಇದೆ ಎಂದು ತಿಳಿಸಿತು. "ಮುಂದ ನಡೀರಿ" ಎಂದಳು.

ನುಂಗಂಬಾಕ್ಕಮ್ಮಿನಲ್ಲಿ ಸೆಲ್ವಂ ತೋರಿಸಿದ ಮನೆ ನೋಡುವ ಮೊದಲು ನಮ್ಮ ಹಳೆಯ ಬೀದಿಗೆ ಹೋದೆವು. ಬಂಗಲೆ ಇಲ್ಲ, ನಾಯಿ ಇಲ್ಲ, ಮರಗಳು ಅಲ್ಲೊಂದು ಇಲ್ಲೊಂದು. ಅಲ್ಲಿ ಗಾಜಿನ ಆಫೀಸು ಎದ್ದಿದೆ. ಹಿಂಬದಿಯಲ್ಲಿ, ನಾವು ಮಲಗಿ ಏಳುತ್ತಿದ್ದ ಜಾಗದಲ್ಲಿ, ಕಂಬಗಳ ನಡುವೆ ಸಾಲಾಗಿ ಕಾರುಗಳು ನಿಂತಿದ್ದವು. ಕುಮುದ ಬಗ್ಗಿ ಒಂದು ಕಾರಿನ ಕೆಳಗೆ ನೋಡಿದಳು.

"ಎಣ್ಣಿ ಸೋರೇದ," ಎಂದಳು. ನಂತರ ನಕ್ಕಳು, ನೆಟ್ಟಗೆ ನಿಲ್ಲಲು ಆಗದಷ್ಟು. ಕಾವಲುಗಾರ ಓಡಿ ಬಂದ. ಅವಳು ಹಾಗೆ ನಕ್ಕದ್ದನ್ನು ಕೇಳಿ ನನಗೆ ತಿರುವೊಟ್ಟಿಯೂರಿನ ಜಗುಲಿ ನೆನಪಾಯಿತು. ಜೊತೆಗೇ ನನ್ನ ತಪ್ಪೂ ಅಂಗೈ ಮೇಲೆ ಇಟ್ಟ ಹಾಗೆ ಕಾಣಿಸಿತು. ಹುಬ್ಬೊಂದಕ್ಕಾಗಿ ನಾನು ಒಬ್ಬ ಹೆಂಗಸನ್ನು ಅವಳ ಗಾಳಿಯಿಂದ, ಬಾವಿಯಿಂದ, ಹಾಡಿನಿಂದ, ಗೆಳತಿಯರಿಂದ ಎಬ್ಬಿಸಿಕೊಂಡು ಬಂದು ಕಾರು ನಿಲ್ಲಿಸುವ ಕಡೆ ಕೂರಿಸಿದ್ದೆ.

ಮಾರನೆಯ ವಾರ ಮೆಟ್ರೋದಲ್ಲಿ ತಿರುವೊಟ್ಟಿಯೂರಿಗೆ ಹೋದೆವು. ಅಲ್ಲಿಗೆ ಮೆಟ್ರೋ ಬರುತ್ತದೆಂದು ಆ ಹೆಡ್ ಕ್ಲಾರ್ಕಿಗೆ ಯಾರಾದರೂ ಹೇಳಬೇಕಿತ್ತು. ಸಮುದ್ರ ದಂಡೆಯನ್ನು ತಿಂದು ಮುಂದೆ ಬಂದಿದೆ. ಅದನ್ನು ತಡೆಯಲು ದೊಡ್ಡ ಬಂಡೆಗಳನ್ನು ಸುರಿದಿದ್ದಾರೆ. ಹೆದ್ದಾರಿಯಲ್ಲಿ ಕಂಟೇನರ್ ಲಾರಿಗಳ ಸಾಲು. ನಮ್ಮ ಹೆಂಚಿನ ಮನೆಯ ಜಾಗದಲ್ಲಿ ಮೂರು ಅಂತಸ್ತು ಎದ್ದಿದೆ. ಅಂಜಲೈ ಹೋಗಿ ಬಹಳ ಕಾಲವಾಯಿತಂತೆ. ಆದರೆ ಎರಡನೆಯ ಮಹಡಿಯ ಖಾಲಿ ಮನೆಯ ಬಾಲ್ಕನಿಯಲ್ಲಿ ನಿಂತಾಗ ಮಧ್ಯಾಹ್ನದ ಗಾಳಿ ಬಂತು. ನನ್ನ ಅಂಗಿಯೊಳಗೆ ನುಗ್ಗಿ ಬೆನ್ನು ತಟ್ಟಿತು. ಅತ್ತ ಪಕ್ಕದ ಮನೆಯವರು ಕುಮುದಳಿಗೆ ನೀರು ಕೊಟ್ಟದ್ದಷ್ಟೇ ಅಲ್ಲ, ಸ್ಟೂಲ್ ಎಳೆದು ಕೂರಿಸಿದರು. ಮಾತು ಕೇಳಿಸುತ್ತಿತ್ತು. ಸೆಲ್ವಂನ ಕೈ ಹಿಡಿದು, "ಮುಡಿಚ್ಚುಡುಂಗೋ," ಅಂದೆ. ಮುಗಿಸಿಬಿಡಿ, ಇದೇ ಮನೆ.

ಕುಮುದ ಲೋಟ ಹಿಡಿದುಕೊಂಡೇ ಬಾಗಿಲಿಗೆ ಬಂದಳು. "ಏನ ಮುಗಿಸಿದ್ರಿ?"

"ಮನೆ. ನಿನಗೋಸ್ಕರ ಕಣೆ. ಅವತ್ತು ಇಲ್ಲಿಂದ ನಿನ್ನನ್ನ ಎಬ್ಬಿಸಿಕೊಂಡು ಹೋದದ್ದು ನನ್ನ ತಪ್ಪು. ದೊಡ್ಡ ತಪ್ಪು."

"ತಪ್ಪು ಅಂತ ಈಗ ಗೊತ್ತಾತು? ಛಲೋ ಆತು." ಲೋಟದ ನೀರು ಪೂರ್ತಿ ಕುಡಿದಳು. "ಆದ್ರ ನನಗ ಇಲ್ಲಿ ಇರಬೇಕಾಗ್ಯದ ಅಂತ ನಾ ಯಾವಾಗ ಹೇಳೀನಿ?"

"ನೀನು ಇಲ್ಲಿ ಎಷ್ಟು ಸುಖವಾಗಿದ್ದೆ..."

"ಇದ್ದೆ. ಆಗ ಇದ್ದೆ. ಅಂಜಲೈ ಇದ್ದಳು, ಇದ್ದೆ. ಈಗ ಯಾರಿದ್ದಾರ ಇಲ್ಲೆ? ತಪ್ಪು ಮಾಡೋರೂ ನೀವ, ಪ್ರಾಯಶ್ಚಿತ್ತ ಆರಿಸೋರೂ ನೀವ. ನಡುವ ನಾ ಯಾತಕ್ಕ ಬೇಕು ಹೇಳ್ರಿ."

ಸೆಲ್ವಂ ನಮ್ಮಿಬ್ಬರ ಮುಖವನ್ನೂ ನೋಡಿದ. "ಸಾರ್, ಓಕೆಯಾ, ಇಲ್ಲೈಯಾ?"

"ಇಲ್ಲೈಪ್ಪಾ," ಎಂದಳು ಕುಮುದ.

ವಾಪಸು ಬರುವಾಗ ಮೆಟ್ರೋದಲ್ಲಿ ಅವಳ ಮಾತನ್ನೇ ಮೆಲುಕು ಹಾಕುತ್ತ ಕುಳಿತೆ. ಪಶ್ಚಾತ್ತಾಪದಲ್ಲೂ ಇಷ್ಟೊಂದು ಅಧಿಕಾರ ಚಲಾಯಿಸಬಹುದೆಂದು ನನಗೆ ತಿಳಿದಿರಲಿಲ್ಲ. ಇಳಿಯುವ ಹೊತ್ತಿಗೆ ಅವಳೇ, "ಶನಿವಾರ ನನ್ನ ಕೂಡ ವಿಲ್ಲಿವಾಕ್ಕಮ್ಮಿಗೆ ಬರ್ರಿ" ಎಂದಳು.

ವಿಲ್ಲಿವಾಕ್ಕಂ ಅಣ್ಣಾ ನಗರಕ್ಕೆ ಅಂಟಿಕೊಂಡೇ ಇದೆ. ಆದರೆ ಹೇಳಿ ಸುಮ್ಮನಾದರೆ ಯಾರ ಹುಬ್ಬೂ ಏರುವುದಿಲ್ಲ. ಇಕ್ಕಟ್ಟಾದ ಬೀದಿಗಳು, ರೈಲು ಹಳಿ, ಮಾರುಕಟ್ಟೆ, ಒಂದು ಹಳೆಯ ಪೆರುಮಾಳ್ ಗುಡಿ. ಕುಮುದ ಪ್ರತಿ ಶನಿವಾರ ಮಧ್ಯಾಹ್ನ ಒಂದು ಬಟ್ಟೆಚೀಲ ಹಿಡಿದು ಶೇರ್ ಆಟೋ ಹತ್ತುತ್ತಾಳೆಂದು ನನಗೆ ಗೊತ್ತಿತ್ತು. ಗುಡಿಗೆ ಎಂದುಕೊಂಡಿದ್ದೆ. ಆ ಹೊತ್ತಿನಲ್ಲಿ ನನಗೆ ಒಳ್ಳೆಯ ನಿದ್ದೆ ಬರುತ್ತಿತ್ತಾದ್ದರಿಂದ ಹೆಚ್ಚು ವಿಚಾರಿಸಿರಲಿಲ್ಲ.

ಆಟೋ ಇಳಿದು ಅವಳ ಹಿಂದೆ ಒಂದು ಮನೆಯ ಮೆಟ್ಟಿಲು ಹತ್ತಿದೆ. ಬಾಗಿಲು ತೆರೆದೇ ಇತ್ತು. ಚಾಪೆಯ ಮೇಲೆ ಹತ್ತಿಪ್ಪತ್ತು ಹೆಂಗಸರು. "ಕುಮುದಕ್ಕ ಬಂದ್ರು!" ಎಂದು ಜಾಗ ಬಿಟ್ಟುಕೊಟ್ಟರು. ಶಿವಮೊಗ್ಗದ ಕನ್ನಡ, ಮಂಗಳೂರಿನ ಕನ್ನಡ, ಹೊಸೂರಿನ ಕನ್ನಡ, ನಡುವೆ ತೆಲುಗು. ಮನೆಯ ಒಡತಿ ಭಾರತಿಯಮ್ಮ ತಮಿಳಿನವರು. ಕನ್ನಡದ ದೇವರನಾಮಗಳನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಾರೆ.

"ಇವರೇನಾ ಯಜಮಾನ್ರು? ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ ಅಕ್ಕಾ?" ಎಂದು ಒಬ್ಬಾಕೆ ಕೇಳಿದರು.

"ಪಿನ್ನಾಡಿ," ಎಂದಳು ಕುಮುದ. ಚಾಪೆಗೆ ಚಾಪೆಯೇ ನಕ್ಕಿತು. ನನ್ನ ಕತೆ ಅಲ್ಲಿ ಎಲ್ಲರಿಗೂ ಗೊತ್ತಿತ್ತು.

ನಾನು ಮೂಲೆಯ ಕುರ್ಚಿಯಲ್ಲಿ ಕುಳಿತು ಕೇಳಿದೆ. ಅವಳು ಹಾಡು ಎತ್ತಿಕೊಟ್ಟಳು, ಉಳಿದವರು ಹಿಂದೆ ಬಂದರು. ಮೇಘನಾ ಶಾಲೆಗೆ ಸೇರಿದ ವರ್ಷದಿಂದ ಕುಮುದ ಇಲ್ಲಿಗೆ ಬರುತ್ತಿದ್ದಾಳಂತೆ. ನಾನು ಕಿತ್ತುಕೊಂಡೆನೆಂದು ಇಷ್ಟು ದಿನ ಮರುಗುತ್ತಿದ್ದುದನ್ನು, ನನ್ನ ಮರುಗುವಿಕೆಗೆ ಕಾಯದೆ, ಅವಳೇ ಶೇರ್ ಆಟೋದಲ್ಲಿ ಹೋಗಿ ಹುಡುಕಿಕೊಂಡಿದ್ದಳು. "ಯಾಕೆ ಹೇಳಲಿಲ್ಲ?" ಎಂದು ಮೆಟ್ಟಿಲ ಮೇಲೆ ಕೇಳಿದೆ. "ನೀವು ಮಲಗಿರ್ತಿದ್ರಲ್ಲ," ಎಂದಳು, ಸಿಟ್ಟಿಲ್ಲದೆ.

ಭಾರತಿಯಮ್ಮನ ಮನೆಯ ಮೇಲಿನ ಮಹಡಿ ಖಾಲಿಯಿತ್ತು. ಭಜನೆ ಮುಗಿದ ಮೇಲೆ ಅವರು ಬೀಗ ತೆಗೆದು ತೋರಿಸಿದರು. ಎರಡು ಕೋಣೆ, ಚಿಕ್ಕ ಅಡುಗೆಮನೆ, ಕಿಟಕಿಯ ಕೆಳಗೇ ಹಳಿ. ಕುಮುದ ಕಿಟಕಿ ತೆರೆದು ಮುಚ್ಚಿದಳು, ನಲ್ಲಿ ತಿರುಗಿಸಿದಳು, ಗೋಡೆಗೆ ಕೈಯೊತ್ತಿ ತೇವ ನೋಡಿದಳು. ನಾನು ಬಾಯಿ ಬಿಗಿದು ನಿಂತಿದ್ದೆ. ಭಾರತಿಯಮ್ಮ ಮರ್ಯಾದೆಗೆ ನನ್ನ ಕಡೆ ತಿರುಗಿ, "ಸಾರುಕ್ಕು ವೀಡು ಪುಡಿಚ್ಚಿರುಕ್ಕಾ?" ಎಂದು ಕೇಳಿದರು. ಮನೆ ಹಿಡಿಸಿತೇ ಎಂದು.

ನಾನು ಕುಮುದಳ ಮುಖ ನೋಡಿದೆ.

"ನನ್ನ ಮಾರಿ ಏನ ನೋಡ್ತೀರಿ? ನಿಮ್ಮನ್ನ ಕೇಳ್ಲಿಕ್ಕತ್ತಾರ. ನನಗೂ ಕೇಳಬೇಕಾಗ್ಯದ. ಖರೇ ಹೇಳ್ರಿ."

ಅಷ್ಟರಲ್ಲಿ ಕೆಳಗೆ ಅರಕ್ಕೋಣಂ ಕಡೆಯ ರೈಲು ಬಂತು. ಕಿಟಕಿಯ ಸರಳು, ನಲ್ಲಿ, ನನ್ನ ಹಲ್ಲಿನ ಸೆಟ್ಟು ಎಲ್ಲ ನಡುಗಿದವು. ಅದು ಹೋಗುವ ತನಕ ಮೂವರೂ ಕಾದೆವು.

"ರೈಲಿನ ಗಲಾಟೆ ಬಹಳ," ಎಂದೆ. "ರೈಲ್ವೆ ಅನ್ನ ತಿಂದವನು ಹೇಳಬಾರದು, ಆದರೂ ಬಹಳ. ಬೀದಿ ಇಕ್ಕಟ್ಟು. ಮೆಟ್ಟಿಲು ಕಡಿದಾಗಿದೆ, ನನ್ನ ಮಂಡಿಗೆ ಕಷ್ಟ. ನಿಜ ಹೇಳಬೇಕೆಂದರೆ, ನನಗೆ ಅಷ್ಟು ಹಿಡಿಸಲಿಲ್ಲ."

ಅವಳು ನಡುವೆ ಬಾಯಿ ಹಾಕಲಿಲ್ಲ. ಒಂದೊಂದಕ್ಕೂ ತಲೆಯಾಡಿಸಿ ಕೇಳಿಸಿಕೊಂಡಳು. ಇನ್ನೇನಾದರೂ ಉಂಟೋ ಎಂದು ಸ್ವಲ್ಪ ಕಾದಳು ಕೂಡ.

"ಖರೇ ಅದ," ಎಂದಳು. "ಮೆಟ್ಟಲಕ್ಕ ಒಂದು ಹಿಡಿಕಿ ಹಾಕಸೂಣು."

ಆಮೇಲೆ ಭಾರತಿಯಮ್ಮನ ಕಡೆ ತಿರುಗಿ, ತನ್ನ ಆ ಇನ್ನೊಂದು ಡಬ್ಬಿಯ ತಮಿಳಿನಲ್ಲಿ, ಬರುವ ಶುಕ್ರವಾರ ಬೆಳಿಗ್ಗೆ ಹಾಲು ಉಕ್ಕಿಸಲು ಬರುತ್ತೇವೆ, ಅಷ್ಟರಲ್ಲಿ ಗೋಡೆಗೆ ಸುಣ್ಣ ಆಗಿರಲಿ ಎಂದಳು.